ಡಾಡ್ಜ್ ಸಿಟಿಯ ಮಾರ್ಷಲ್ ಇನ್ನೂ ಏಕೆ ನಿವೃತ್ತನಾಗಿಲ್ಲ?

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಸಮೀಪ ಬಹಳ ವರ್ಷಗಳಿಂದ ನೆಲೆಸಿದ್ದೇವೆ. ಪಕ್ಕದ ಮನೆಯ ಹಿರಿಯರು ಮಧ್ಯಾಹ್ನದ ಹೊತ್ತು ‘ಗನ್‌ಸ್ಮೋಕ್’ ಎಂಬ ಕಪ್ಪು-ಬಿಳುಪಿನ ಕೌಬಾಯ್ ಧಾರಾವಾಹಿಯನ್ನು ತಪ್ಪದೆ ನೋಡುತ್ತಾರೆ. ಅವರ ಜೊತೆ ಕುಳಿತು ನೋಡಿದ ನನ್ನ ಮಗನೂ ಈಗ ಅದರ ಗುಂಗಿಗೆ ಬಿದ್ದಿದ್ದಾನೆ. ಎಪ್ಪತ್ತು ವರ್ಷ ಹಳೆಯದಾದ ಇಂಥ ಧಾರಾವಾಹಿಗಳಿಗೆ ಇನ್ನೂ ನೋಡುಗರಿರುವುದು ಕೇವಲ ಹಳೆಯ ನೆನಪಿನ ಮೋಹದಿಂದಲೇ? ಮೂಲನಿವಾಸಿಗಳನ್ನು ಅವು ತೋರಿಸುವ ರೀತಿ ತಿಳಿದಿದ್ದೂ ಅವನ್ನು ಮೆಚ್ಚುವುದು ಸರಿಯೇ?

ಉತ್ತರ: ಹಳೆಯ ನೆನಪಿನ ಮೋಹ ಎಂಬ ವಿವರಣೆ ನಿಮ್ಮ ನೆರೆಯವರಿಗೆ ಒಪ್ಪಬಹುದು, ಅದೂ ಅರ್ಧದಷ್ಟು ಮಾತ್ರ. ‘ಗನ್‌ಸ್ಮೋಕ್’ನ ಮೊದಲ ಕಂತು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದದ್ದು 1955ರ ಸೆಪ್ಟೆಂಬರ್ 10ರಂದು. ಆಗ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಎಂಬತ್ತು. ಅವನ ಬಾಲ್ಯದ ಮೋಹ ನಿಮ್ಮ ಮಗನಿಗೆ ಅಂಟಿಕೊಳ್ಳಲು ಕಾರಣವಿಲ್ಲ. ಅಷ್ಟೇ ಅಲ್ಲದೆ, ಅದೇ ವರ್ಷಗಳಲ್ಲಿ ಅಷ್ಟೇ ಜನ ಕಣ್ಣಿಟ್ಟು ನೋಡುತ್ತಿದ್ದ ರಸಪ್ರಶ್ನೆ ಕಾರ್ಯಕ್ರಮಗಳೂ ಹಾಡು-ಹಾಸ್ಯದ ವೈವಿಧ್ಯ ಪ್ರದರ್ಶನಗಳೂ ಇದ್ದವು, ಅವನ್ನು ಇಂದು ದಿನವೂ ಕುಳಿತು ನೋಡುವವರು ಯಾರೂ ಇಲ್ಲ. ನೆನಪಿನ ಮೋಹವೇ ಕಾರಣವಾಗಿದ್ದರೆ ಅವೂ ಉಳಿಯಬೇಕಿತ್ತು. ಆದ್ದರಿಂದ ಕಾರಣವನ್ನು ಈ ಧಾರಾವಾಹಿಗಳನ್ನು ಬರೆದ ಮತ್ತು ತಯಾರಿಸಿದ ರೀತಿಯಲ್ಲೇ ಹುಡುಕಬೇಕಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕಾರದ ಒಳ್ಳೆಯ ಧಾರಾವಾಹಿಗಳು ಮೂಲತಃ ಬಂದೂಕಿನ ಕಥೆಗಳಲ್ಲ, ಸಣ್ಣಕಥೆಯ ಸಂಕಲನಗಳು. ಕುದುರೆ, ಟೋಪಿ, ಪಿಸ್ತೂಲು ಇವೆಲ್ಲ ಆ ಸಂಕಲನದ ಹೊದಿಕೆ.

ಇದು ಹೇಗೆ ಆಯಿತೆಂದು ತಿಳಿಯಲು ರೇಡಿಯೊ ಕಾಲಕ್ಕೆ ಹೋಗಬೇಕು. 1950ರ ಸುಮಾರಿಗೆ ಕೌಬಾಯ್ ಕಥೆಯೆಂದರೆ ಮಕ್ಕಳಿಗೆಂದೇ ಮೀಸಲಾದ ಸರಕಾಗಿತ್ತು. 1933ರಲ್ಲಿ ಡೆಟ್ರಾಯಿಟ್‌ನ ಒಂದು ರೇಡಿಯೊ ಕೇಂದ್ರದಲ್ಲಿ ಹುಟ್ಟಿ 1949ರಲ್ಲಿ ಟೆಲಿವಿಷನ್‌ಗೆ ಬಂದ ‘ಲೋನ್ ರೇಂಜರ್’ನಲ್ಲಿ ಮುಖವಾಡ ತೊಟ್ಟ ನಾಯಕ ಎಂದೂ ತಪ್ಪು ಮಾಡುತ್ತಿರಲಿಲ್ಲ, ಯಾರನ್ನೂ ಕೊಲ್ಲುತ್ತಿರಲಿಲ್ಲ. ಇದಕ್ಕೆ ಬೆನ್ನು ತಿರುಗಿಸಿ, ದೊಡ್ಡವರಿಗಾಗಿ ಒಂದು ಅಮೆರಿಕದ ಪಶ್ಚಿಮದ ಕಥೆ (ವೆಸ್ಟರ್ನ್) ಬರೆಯಬೇಕೆಂದು ಹೊರಟವರು ನಿರ್ಮಾಪಕ ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಬರಹಗಾರ ಜಾನ್ ಮೆಸ್ಟನ್. 1952ರ ಏಪ್ರಿಲ್‌ನಲ್ಲಿ ಅವರ ‘ಗನ್‌ಸ್ಮೋಕ್’ ರೇಡಿಯೊದಲ್ಲಿ ಆರಂಭವಾಗಿ 1961ರವರೆಗೆ ನಡೆಯಿತು. ಅದರಲ್ಲಿ ಡಾಡ್ಜ್ ಸಿಟಿ ಎಂಬ ಪಟ್ಟಣದ ಮಾರ್ಷಲ್ (ಕಾನೂನು ಕಾಯುವ ಅಧಿಕಾರಿ) ಮ್ಯಾಟ್ ಡಿಲನ್‌ನಿಗೆ ದನಿ ಕೊಟ್ಟ ವಿಲಿಯಂ ಕಾನ್ರಾಡ್‌ನ ಗಂಭೀರ ಕಂಠದಲ್ಲಿ ದಣಿವಿತ್ತು, ತನ್ನ ಕೆಲಸದ ಬಗ್ಗೆ ಬೇಸರವಿತ್ತು. ಗಂಡನಿಂದ ಹೊಡೆತ ತಿಂದ ಹೆಂಗಸು, ಸಾಲದಲ್ಲಿ ಮುಳುಗಿದ ಬೇಸಾಯಗಾರ, ಗುಂಪಾಗಿ ಬಂದು ಒಬ್ಬನನ್ನು ನೇಣಿಗೇರಿಸಲು ಹೊರಟ ಸಭ್ಯ ವ್ಯಾಪಾರಿಗಳು, ಇಂಥವರೇ ಆ ಕಥೆಗಳಲ್ಲಿ ತುಂಬಿದ್ದರು. ಕಥೆ ಸುಖಾಂತವಾಗಲೇಬೇಕೆಂಬ ನಿಯಮವನ್ನು ಮೆಸ್ಟನ್ ಪಾಲಿಸಲಿಲ್ಲ. ರೇಡಿಯೊದಲ್ಲಿ ದೃಶ್ಯವಿಲ್ಲದ್ದರಿಂದ ಎಲ್ಲವನ್ನೂ ಮಾತಿನಲ್ಲೇ ಕಟ್ಟಬೇಕಿತ್ತು. ಆ ಮಾತಿನ ಬಿಗಿ ಟೆಲಿವಿಷನ್ನಿಗೂ ಹಾಗೆಯೇ ದಾಟಿಬಂತು, ಏಕೆಂದರೆ ಮೊದಲ ಋತುಗಳ (ವರ್ಷಕ್ಕೊಂದರಂತೆ ಬರುವ ಕಂತುಗಳ ಸರಣಿಗಳ) ಅನೇಕ ಕಂತುಗಳು ಇದೇ ರೇಡಿಯೊ ಬರಹಗಳ ರೂಪಾಂತರಗಳು. ಅವುಗಳಲ್ಲಿ ಹಲವನ್ನು ರೂಪಾಂತರಿಸಿದವರು ಆಗಿನ್ನೂ ಹೆಸರು ಮಾಡಿರದ, ಮುಂದೆ ಚಿತ್ರನಿರ್ದೇಶಕರಾಗಿ ಪ್ರಸಿದ್ಧರಾದ ಸ್ಯಾಮ್ ಪೆಕಿನ್‌ಪಾ.

ಟೆಲಿವಿಷನ್ನಿನ ಮೊದಲ ಕಂತನ್ನೇ ನೋಡಿ. ಡ್ಯಾನ್ ಗ್ರ್ಯಾಟ್ ಎಂಬ ಕೊಲೆಗಾರ ಪಟ್ಟಣಕ್ಕೆ ಬರುತ್ತಾನೆ. ನಾಯಕನಾದ ಮಾರ್ಷಲ್ ಅವನೆದುರು ನಿಂತು, ಪಿಸ್ತೂಲು ಸೆಳೆಯುವ ವೇಗದಲ್ಲಿ ಸೋತು, ಗುಂಡೇಟು ತಿಂದು ಬೀದಿಯಲ್ಲಿ ಉರುಳುತ್ತಾನೆ. ಹೊಸ ಧಾರಾವಾಹಿಯೊಂದು ತನ್ನ ನಾಯಕನನ್ನು ಪರಿಚಯಿಸುವ ರೀತಿ ಇದೇ ಎಂದು ಬೇರೆ ಯಾವ ವಾಹಿನಿಯವರೂ ಒಪ್ಪುತ್ತಿರಲಿಲ್ಲವೇನೋ. ಗಾಯ ಮಾಯುವಷ್ಟು ದಿನ ಹಾಸಿಗೆಯಲ್ಲಿ ಬಿದ್ದುಕೊಂಡು ಡಿಲನ್ ಒಂದು ಸಂಗತಿಯನ್ನು ಯೋಚಿಸುತ್ತಾನೆ: ಗ್ರ್ಯಾಟ್ ತಾನು ಕೊಂದವರೆಲ್ಲರ ಹತ್ತಿರಕ್ಕೆ ಹೋಗಿಯೇ ಗುಂಡು ಹಾರಿಸಿದ್ದಾನೆ, ಅಂದರೆ ಅವನಿಗೆ ವೇಗವಿದೆ, ಗುರಿ ಇಲ್ಲ. ಎರಡನೆಯ ಸಲ ಡಿಲನ್ ಅವನನ್ನು ಹತ್ತಿರ ಬರಲು ಬಿಡುವುದಿಲ್ಲ. ಗೆದ್ದದ್ದು ಕೈಯ ಚಳಕಕ್ಕಿಂತ ಹೆಚ್ಚಾಗಿ ಯೋಚನೆ. ಇಪ್ಪತ್ತೈದು ನಿಮಿಷದ ಈ ಕಥೆಯಲ್ಲಿ ಸೋಲು, ಅವಮಾನ, ಭಯದ ನಡುವೆಯೂ ಮರಳಿ ನಿಲ್ಲಬೇಕಾದ ಕರ್ತವ್ಯ ಮೂರೂ ಇವೆ. ನಿಮ್ಮ ಮಗನನ್ನು ಹಿಡಿದು ಕೂರಿಸಿದ್ದು ಇಂಥದ್ದೇ ಯಾವುದೋ ಕಂತು ಇರಬೇಕು.

ಈಗ ರಚನೆಯ ಮಾತು. ಈ ಧಾರಾವಾಹಿಗಳಲ್ಲಿ ಪಟ್ಟಣ ಸ್ಥಿರವಾಗಿರುತ್ತದೆ, ಅಲ್ಲಿ ನೆಲೆಸಿದ ನಾಲ್ಕೈದು ಜನ ಸ್ಥಿರವಾಗಿರುತ್ತಾರೆ, ಪ್ರತಿ ವಾರ ಹೊರಗಿನಿಂದ ಯಾರೋ ಒಬ್ಬರು ಬರುತ್ತಾರೆ. ಕಥೆ ಆ ಹೊರಗಿನವರದು. ಮಾರ್ಷಲ್, ವೈದ್ಯ, ಮದ್ಯದಂಗಡಿಯ ಒಡತಿ ಇವರು ಅದಕ್ಕೆ ಸಾಕ್ಷಿಗಳು. ಹೀಗಾಗಿ ಬರಹಗಾರನಿಗೆ ಪ್ರತಿ ವಾರ ಹೊಸ ಮನುಷ್ಯನೊಬ್ಬನ ಬದುಕನ್ನು ಆರಂಭದಿಂದ ಅಂತ್ಯದವರೆಗೆ ಹೇಳುವ ಸ್ವಾತಂತ್ರ್ಯ ಸಿಗುತ್ತಿತ್ತು, ನೋಡುಗನಿಗೆ ಪರಿಚಿತ ಮುಖಗಳ ನೆಮ್ಮದಿಯೂ ಸಿಗುತ್ತಿತ್ತು. ಹೊರಗಿನವನು ಸಾಯಬಹುದು, ಓಡಿಹೋಗಬಹುದು, ಕ್ಷಮೆ ಪಡೆಯಬಹುದು, ಪಡೆಯದೆಯೂ ಇರಬಹುದು. ನಾಯಕ ಉಳಿಯುತ್ತಾನೆಂದು ಗೊತ್ತಿದ್ದರೂ ಕಥೆಯ ಅಂತ್ಯ ಏನೆಂದು ಗೊತ್ತಾಗದಿರುವುದು ಈ ಏರ್ಪಾಟಿನ ಗುಟ್ಟು. ಆರಂಭದ ಅನೇಕ ಕಂತುಗಳು ಡಿಲನ್ ಊರ ಹೊರಗಿನ ಬೂಟ್‌ಹಿಲ್ ಸ್ಮಶಾನದಲ್ಲಿ ಸಮಾಧಿಗಳ ನಡುವೆ ನಡೆಯುತ್ತ, ಅಲ್ಲಿ ಮಲಗಿರುವವರ ಬಗ್ಗೆ ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವುದರಿಂದ ಶುರುವಾಗುತ್ತವೆ. ಕಥೆ ಹೇಳುವವನು ತಡೆಯಲಾರದೆ ಹೋದ ಸಾವುಗಳ ಲೆಕ್ಕದಿಂದ ಮೊದಲಿಡುತ್ತಾನೆಂಬುದನ್ನು ಗಮನಿಸಬೇಕು.

ಇದೇ ಏರ್ಪಾಟನ್ನು ಬೇರೆ ಬೇರೆ ಧಾರಾವಾಹಿಗಳು ಬೇರೆ ಬೇರೆ ರೀತಿಯಲ್ಲಿ ತಿರುಗಿಸಿದವು. 1957ರಲ್ಲಿ ಎನ್‌ಬಿಸಿಯಲ್ಲಿ ಆರಂಭವಾದ ‘ವ್ಯಾಗನ್ ಟ್ರೇನ್’ನಲ್ಲಿ ಪಟ್ಟಣವೇ ಚಲಿಸುತ್ತದೆ, ಪಶ್ಚಿಮಕ್ಕೆ ವಲಸೆ ಹೋಗುವ ಗಾಡಿಗಳ ಸಾಲು ಅದು. ಕಂತಿನ ಹೆಸರೂ ಸಾಮಾನ್ಯವಾಗಿ ಇಂಥವರ ಕಥೆ ಎಂದೇ ಇರುತ್ತಿತ್ತು. ಮೊದಲ ಕಂತಿನಲ್ಲಿ ಅರ್ನೆಸ್ಟ್ ಬೋರ್ಗ್‌ನೈನ್ ಕುಡಿತಕ್ಕೆ ಬಿದ್ದ ಮಾಜಿ ಮುಷ್ಟಿಕಾಳಗದವನಾಗಿ ಬಂದರೆ, ಮುಂದೆ ಬೆಟ್ಟಿ ಡೇವಿಸ್‌ರಂಥ ಸಿನಿಮಾ ತಾರೆಯರೂ ಅತಿಥಿಗಳಾಗಿ ಬಂದರು. ಅದೇ 1957ರ ‘ಹ್ಯಾವ್ ಗನ್ – ವಿಲ್ ಟ್ರಾವೆಲ್’ನ ಪ್ಯಾಲಡಿನ್ ಸ್ಯಾನ್ ಫ್ರಾನ್ಸಿಸ್ಕೊದ ಐಷಾರಾಮಿ ಹೋಟೆಲ್ಲಿನಲ್ಲಿ ವಾಸಿಸುವ, ಕವಿತೆಗಳನ್ನು ಉದ್ಧರಿಸುವ, ಚದುರಂಗದ ಕುದುರೆಯ ಚಿತ್ರವಿರುವ ಚೀಟಿ ಹಂಚುವ ಬಾಡಿಗೆ ಬಂದೂಕುಗಾರ. ಹಣ ಕೊಟ್ಟು ಕರೆಸಿದವನೇ ತಪ್ಪಿತಸ್ಥನೆಂದು ತಿಳಿದರೆ ಅವನ ವಿರುದ್ಧವೇ ತಿರುಗಿ ನಿಲ್ಲುವವನು. ಈ ಪಾತ್ರದಲ್ಲಿ ರಿಚರ್ಡ್ ಬೂನ್‌ರ ಅಭಿನಯ, ನನ್ನ ಮಟ್ಟಿಗೆ, ಇಡೀ ಪ್ರಕಾರದಲ್ಲೇ ಶ್ರೇಷ್ಠವಾದದ್ದು. ಅದರ ಬರಹಗಾರರಲ್ಲೊಬ್ಬರಾದ ಜೀನ್ ರಾಡನ್‌ಬೆರಿ ಮುಂದೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ವಾಹಿನಿಗಳಿಗೆ ಒಪ್ಪಿಸಲು ಹೊರಟಾಗ, ಅದನ್ನು ನಕ್ಷತ್ರಗಳತ್ತ ಹೊರಟ ವ್ಯಾಗನ್ ಟ್ರೇನ್ ಎಂದೇ ಬಣ್ಣಿಸಿದರು. ಹಳ್ಳಿಗಾಡಿನ ಗಾಡಿಸಾಲು ಆಕಾಶನೌಕೆಯಾದರೂ ಕಥೆಯ ಎಲುಬುಗೂಡು ಬದಲಾಗಲಿಲ್ಲ.

‘ರೈಫಲ್‌ಮನ್’ (1958–63) ನನಗೆ ವಿಶೇಷವಾಗಿ ಇಷ್ಟವಾದದ್ದು. ಹೆಂಡತಿ ತೀರಿಕೊಂಡ ಲೂಕಸ್ ಮೆಕೇನ್ ತನ್ನ ಚಿಕ್ಕ ಮಗನ ಜೊತೆ ನ್ಯೂ ಮೆಕ್ಸಿಕೊದಲ್ಲಿ ಹೊಲ-ಹುಲ್ಲುಗಾವಲು ಹಿಡಿಯಲು ಬರುತ್ತಾನೆ. ಗುಂಡು ಹಾರಿಸುವುದರಲ್ಲಿ ಅವನಿಗೆ ಸಮಾನರಿಲ್ಲ. ಆದರೆ ಪ್ರತಿ ಕಂತಿನ ಒಳಗಿನ ಪ್ರಶ್ನೆ, ತಂದೆ ಮಾಡಿದ್ದನ್ನು ಮಗ ನೋಡುತ್ತಿದ್ದಾನಲ್ಲ, ಇದನ್ನು ಅವನಿಗೆ ಹೇಗೆ ವಿವರಿಸುವುದು ಎಂಬುದೇ. ಚಕ್ ಕಾನರ್ಸ್ ಎಂಬ ಆರೂವರೆ ಅಡಿಯ ಮಾಜಿ ಬೇಸ್‌ಬಾಲ್ ಆಟಗಾರನೂ ಜಾನಿ ಕ್ರಾಫರ್ಡ್ ಎಂಬ ಹುಡುಗನೂ ರಾತ್ರಿ ಊಟದ ನಂತರ ಆಡುವ ಮಾತುಗಳಲ್ಲಿ ಕೆಲವು ಉಪದೇಶದಂತೆ ಕೇಳಿಸುವುದು ನಿಜ. ಆದರೂ ಆ ಸಂಬಂಧ ಹುಸಿಯೆನಿಸುವುದಿಲ್ಲ. ಅಂದಹಾಗೆ, 1880ರ ದಶಕದಲ್ಲಿ ನಡೆಯುವ ಈ ಕಥೆಯ ನಾಯಕನ ಕೈಯಲ್ಲಿರುವುದು 1892ರ ಮಾದರಿಯ ವಿಂಚೆಸ್ಟರ್ ಬಂದೂಕು. ಇತಿಹಾಸದ ನಿಖರತೆಯನ್ನು ಇವುಗಳಲ್ಲಿ ಹುಡುಕಲು ಹೋಗಬಾರದೆಂಬುದಕ್ಕೆ ಇದೊಂದು ಚಿಕ್ಕ ಗುರುತು.

ಇತಿಹಾಸದ ಮಾತು ಬಂದದ್ದರಿಂದ ಡಾಡ್ಜ್ ಸಿಟಿಯ ನಿಜವನ್ನೂ ಹೇಳಬೇಕು. ಕ್ಯಾನ್ಸಸ್‌ನ ಆ ಪಟ್ಟಣ ಹುಟ್ಟಿದ್ದು 1872ರಲ್ಲಿ, ರೈಲು ಬಂದಾಗ. ಮೊದಲ ಕೆಲವು ವರ್ಷ ಕಾಡೆಮ್ಮೆಯ ಚರ್ಮವನ್ನು ರೈಲಿಗೆ ತುಂಬುವುದೇ ಅಲ್ಲಿನ ದೊಡ್ಡ ವ್ಯಾಪಾರ. ನಂತರ ಟೆಕ್ಸಾಸ್‌ನಿಂದ ಹೊಡೆದುಕೊಂಡು ಬಂದ ದನದ ಮಂದೆಗಳನ್ನು ಪೂರ್ವದ ನಗರಗಳಿಗೆ ಸಾಗಿಸುವ ನಿಲ್ದಾಣವಾಯಿತು. 1885ರಲ್ಲಿ ಟೆಕ್ಸಾಸ್ ಜಾನುವಾರುಗಳ ರೋಗ ಹರಡದಂತೆ ಕ್ಯಾನ್ಸಸ್ ಸರ್ಕಾರ ನಿರ್ಬಂಧ ಬಿಗಿಗೊಳಿಸಿದಾಗ ಆ ವ್ಯಾಪಾರವೂ ಮುಗಿಯಿತು. ಅಂದರೆ ಜಗತ್ತಿಗೆಲ್ಲ ಗೊತ್ತಿರುವ ಆ ಗಡಿನಾಡಿನ ಪಟ್ಟಣ ಆ ರೂಪದಲ್ಲಿ ಬದುಕಿದ್ದು ಹತ್ತು-ಹದಿಮೂರು ವರ್ಷ ಮಾತ್ರ. ಟೆಲಿವಿಷನ್ನಿನ ಡಾಡ್ಜ್ ಸಿಟಿ 20 ಋತು, 635 ಕಂತು ಬದುಕಿತು. ಊರೊಳಗೆ ಬಂದೂಕು ಹಿಡಿದು ತಿರುಗುವುದನ್ನು ನಿಜವಾದ ಡಾಡ್ಜ್ ಸಿಟಿ ನಿಷೇಧಿಸಿತ್ತು. ಕ್ಯಾನ್ಸಸ್‌ನ ಐದು ಜಾನುವಾರು ಪಟ್ಟಣಗಳಲ್ಲಿ 1870ರಿಂದ 1885ರವರೆಗೆ ನಡೆದ ಕೊಲೆಗಳನ್ನು ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಎಣಿಸಿದಾಗ ಸಿಕ್ಕಿದ್ದು ಒಟ್ಟು 45. ಧಾರಾವಾಹಿಯಲ್ಲಿ ಒಂದೆರಡು ಋತು ಸಾಗುವಷ್ಟರಲ್ಲಿ ಅಷ್ಟು ಹೆಣ ಬಿದ್ದಿರುತ್ತವೆ.

ಹಾಗಾದರೆ ಇವು ಸುಳ್ಳು ಕಥೆಗಳೇ ಎಂದು ನೀವು ಕೇಳಬಹುದು. ಸನ್ನಿವೇಶ ಕಲ್ಪಿತ, ಅದರೊಳಗಿನ ಪ್ರಶ್ನೆ ನಿಜ. ಕಾನೂನು ಪುಸ್ತಕದಲ್ಲಿದ್ದು, ನ್ಯಾಯಾಲಯ ಎರಡು ದಿನದ ಕುದುರೆ ಪ್ರಯಾಣದಷ್ಟು ದೂರವಿದ್ದು, ಎದುರಿಗೆ ಮನೆಯವರನ್ನು ಕಳೆದುಕೊಂಡು ಕೆರಳಿದ ಜನ ನಿಂತಿರುವಾಗ ಒಬ್ಬ ಅಧಿಕಾರಿ ಏನು ಮಾಡಬೇಕು? ಸಿಕ್ಕಿಬಿದ್ದವನು ನಿಜವಾಗಿ ಅಪರಾಧಿಯೇ ಆಗಿದ್ದರೂ ಅವನನ್ನು ಗುಂಪಿನ ಕೈಗೆ ಕೊಡದೆ ಕಾಯಬೇಕೇ? ಜೈಲಿನ ಬಾಗಿಲಲ್ಲಿ ಒಬ್ಬನೇ ನಿಂತು ಊರವರನ್ನು ತಡೆಯುವ ದೃಶ್ಯ ಈ ಪ್ರಕಾರದಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಆದರೂ ಪ್ರತಿ ಸಲ ಅದು ಕೆಲಸ ಮಾಡುತ್ತದೆ. ಎದುರಿಗಿರುವವರು ಡಕಾಯಿತರಲ್ಲ, ನಿನ್ನೆ ರಾತ್ರಿ ಅವನೊಂದಿಗೆ ಕುಳಿತು ಕಾಫಿ ಕುಡಿದವರು; ನಾಳೆಯೂ ಅವರ ನಡುವೆಯೇ ಅವನು ಬದುಕಬೇಕು. ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿದ್ದ ಆ ಕಾಲದ ನೋಡುಗರಲ್ಲಿ ಲಕ್ಷಾಂತರ ಮಂದಿ ಸ್ವತಃ ಬಂದೂಕು ಹಿಡಿದು ಮರಳಿದವರು. ಹಿಂಸೆಯನ್ನು ಬಲ್ಲ ಮನುಷ್ಯ ಅದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂಬುದು ಅವರಿಗೆ ಮನೆಯೊಳಗಿನ ಪ್ರಶ್ನೆಯಾಗಿತ್ತು. ಡಿಲನ್ ಪಾತ್ರ ವಹಿಸಿದ ಜೇಮ್ಸ್ ಆರ್ನೆಸ್ ಅವರೇ 1944ರಲ್ಲಿ ಇಟಲಿಯ ಆಂಜಿಯೊ ಕದನದಲ್ಲಿ ಕಾಲಿಗೆ ಗುಂಡೇಟು ತಿಂದವರು. ಆ ಗಾಯದ ನೋವು ದಿನ ಏರಿದಂತೆ ಹೆಚ್ಚುತ್ತಿದ್ದುದರಿಂದ ಅವರ ಕುದುರೆ ಸವಾರಿಯ ದೃಶ್ಯಗಳನ್ನು ಬೆಳಗ್ಗೆಯೇ ಚಿತ್ರೀಕರಿಸುತ್ತಿದ್ದರಂತೆ.

ಆರ್ನೆಸ್ ಆ ಪಾತ್ರದಲ್ಲಿ ಇಪ್ಪತ್ತು ಋತುಗಳೂ ಇದ್ದರು. ಡಾಕ್ ಆ್ಯಡಮ್ಸ್ ಎಂಬ ಗೊಣಗುಟ್ಟುವ ವೈದ್ಯನಾಗಿ ಮಿಲ್ಬರ್ನ್ ಸ್ಟೋನ್ ಕೂಡ ಇಪ್ಪತ್ತು ಋತು, ಮದ್ಯದಂಗಡಿಯ ಒಡತಿ ಕಿಟ್ಟಿಯಾಗಿ ಅಮಾಂಡಾ ಬ್ಲೇಕ್ ಹತ್ತೊಂಬತ್ತು ಋತು. ದಿನನಿತ್ಯ ನೋಡುವವರಿಗೆ ಇದು ಎಷ್ಟು ಮುಖ್ಯವೆಂಬುದನ್ನು ವಿಮರ್ಶಕರು ಹೆಚ್ಚಾಗಿ ಗಮನಿಸುವುದಿಲ್ಲ. ಲಾಂಗ್ ಬ್ರಾಂಚ್ ಮದ್ಯದಂಗಡಿಯ ಮೇಜಿನ ಸುತ್ತ ಇವರು ಕುಳಿತು ಒಬ್ಬರ ಕಾಲು ಒಬ್ಬರು ಎಳೆಯುವ ಎರಡು ನಿಮಿಷಕ್ಕೆ ಕಥೆಯಲ್ಲಿ ಕೆಲಸವೇನೂ ಇರುವುದಿಲ್ಲ. ಆದರೆ ಅದೇ ನೋಡುಗರನ್ನು ಮರುದಿನ ಮತ್ತೆ ಕರೆತರುವುದು. ಕಿಟ್ಟಿ ಮತ್ತು ಮಾರ್ಷಲ್ ನಡುವಣ ಸಂಬಂಧವನ್ನು ಧಾರಾವಾಹಿ ಎಂದೂ ಮದುವೆಯವರೆಗೆ ಒಯ್ಯಲಿಲ್ಲ, ಬಾಯಿಬಿಟ್ಟು ಹೆಚ್ಚು ಹೇಳಲೂ ಇಲ್ಲ. ಮಧ್ಯವಯಸ್ಸಿನ ಇಬ್ಬರು ಸಣ್ಣ ನೋಟಗಳಲ್ಲಿ, ಅರ್ಧಕ್ಕೆ ನಿಲ್ಲಿಸಿದ ಮಾತುಗಳಲ್ಲಿ ವ್ಯವಹರಿಸುವುದನ್ನು ನೋಡುಗನೇ ಪೂರ್ತಿ ಮಾಡಿಕೊಳ್ಳಬೇಕು. ಆ ಸಂಯಮಕ್ಕೆ ಆಗಿನ ಪ್ರಸಾರ ನಿಯಮಗಳ ಒತ್ತಡವೂ ಕಾರಣ. ಕಾರಣ ಏನೇ ಇರಲಿ, ಫಲ ಒಳ್ಳೆಯದಾಗಿದೆ.

ಕರ್ನಾಟಕದಿಂದ ಹೋದ ನಮ್ಮಂಥವರಿಗೆ ಇಲ್ಲೊಂದು ತೊಡಕಿದೆ. ನಾವು ವೆಸ್ಟರ್ನ್ ಎಂದಾಗ ನೆನೆಯುವುದು ಇಟಲಿಯವರು ಸ್ಪೇನಿನ ಮರುಭೂಮಿಯಲ್ಲಿ ತೆಗೆದ ಚಿತ್ರಗಳನ್ನು, ಅವುಗಳ ಪ್ರಭಾವದಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’ಯನ್ನು, ದ್ವಾರಕೀಶ್ ಅವರ 1973ರ ‘ಕೌಬಾಯ್ ಕುಳ್ಳ’ದಂಥ ವಿನೋದವನ್ನು. ಮಾತಿಲ್ಲದ ನಾಯಕ, ಸೇಡು, ಧೂಳು, ದೀರ್ಘ ಮೌನ ಅವುಗಳ ಲಕ್ಷಣ. ಟೆಲಿವಿಷನ್ ವೆಸ್ಟರ್ನ್ ಇದಕ್ಕಿಂತ ತೀರ ಬೇರೆ ಜಾತಿಯದು. ಅಲ್ಲಿ ಜನ ಕೂತು ಮಾತನಾಡುತ್ತಾರೆ, ವಾದಿಸುತ್ತಾರೆ, ಸಾಲ ತೀರಿಸುತ್ತಾರೆ, ಹೆರಿಗೆಗೆ ವೈದ್ಯನನ್ನು ಕರೆತರುತ್ತಾರೆ. ಎರಡರ ನಡುವೆ ಸೇತುವೆಯಾದವರು ಕ್ಲಿಂಟ್ ಈಸ್ಟ್‌ವುಡ್. 1959ರಿಂದ ‘ರಾಹೈಡ್’ ಎಂಬ ದನಗಾಹಿಗಳ ಧಾರಾವಾಹಿಯಲ್ಲಿ ಸಭ್ಯ ಯುವಕನ ಪಾತ್ರ ಮಾಡಿ ಬೇಸತ್ತಿದ್ದ ಅವರು, 1964ರ ಚಿತ್ರೀಕರಣದ ಬಿಡುವಿನಲ್ಲಿ ಸ್ಪೇನಿಗೆ ಹೋಗಿ ಸರ್ಜಿಯೊ ಲಿಯೋನೆ ಅವರ ಚಿತ್ರದಲ್ಲಿ ಹೆಸರಿಲ್ಲದ ಕೊಲೆಗಾರನಾದರು. ‘ಗನ್‌ಸ್ಮೋಕ್’ನ ಕೊನೆಯ ಕಂತು 1975ರ ಮಾರ್ಚ್ 31ರಂದು ಪ್ರಸಾರವಾಯಿತು, ‘ಶೋಲೆ’ ಬಿಡುಗಡೆಯಾದದ್ದು ಅದೇ ವರ್ಷದ ಆಗಸ್ಟ್ 15ರಂದು. ಬೆಂಗಳೂರು ದೂರದರ್ಶನ ಕೇಂದ್ರ ಕಣ್ಣು ಬಿಡುವ ಹೊತ್ತಿಗೆ ಈ ಧಾರಾವಾಹಿಗಳ ಕಾಲವೇ ಮುಗಿದಿತ್ತು. ಹೀಗಾಗಿ ನಮಗೆ ಮಗನಂತಿರುವ ಆ ಚಿತ್ರಗಳು ಸಿಕ್ಕವು, ತಂದೆಯಂತಿರುವ ಈ ಧಾರಾವಾಹಿಗಳ ಪರಿಚಯ ಆಗಲಿಲ್ಲ.

ಉಳಿವಿಗೆ ಕಲೆಯೊಂದೇ ಕಾರಣವಲ್ಲ, ತಾಂತ್ರಿಕ ಕಾರಣವೂ ಇದೆ. 1950ರ ಹೊತ್ತಿಗೆ ಅಮೆರಿಕದ ನೂರರಲ್ಲಿ ಒಂಬತ್ತು ಮನೆಗಳಲ್ಲಿ ಮಾತ್ರ ಇದ್ದ ಟೆಲಿವಿಷನ್ 1960ರ ಹೊತ್ತಿಗೆ ಎಂಬತ್ತೇಳು ಮನೆಗಳಿಗೆ ತಲುಪಿತ್ತು. ಆ ದಶಕದ ಆರಂಭದಲ್ಲಿ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದ ನಾಟಕಗಳು, ಹಾಡಿನ ಕಾರ್ಯಕ್ರಮಗಳು ಗಾಳಿಯಲ್ಲಿ ಕರಗಿಹೋದವು. ಉಳಿದ ಪ್ರತಿಗಳೂ ಮಸುಕು. ಕುದುರೆ ಓಡಿಸುವುದನ್ನು ಮಾತ್ರ ಸ್ಟುಡಿಯೊದೊಳಗಿನಿಂದ ನೇರ ಪ್ರಸಾರ ಮಾಡಲಾಗದು. ಹಾಗಾಗಿ ವೆಸ್ಟರ್ನ್‌ಗಳನ್ನು ಲಾಸ್ ಏಂಜಲೀಸ್ ಸುತ್ತಲಿನ ಗುಡ್ಡಗಳಲ್ಲಿ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರೀಕರಿಸಲೇಬೇಕಾಯಿತು. ಫಿಲ್ಮ್ ಇದ್ದುದರಿಂದಲೇ ಮರುಪ್ರಸಾರ ಸಾಧ್ಯವಾಯಿತು, ಈಗ ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಇಂದಿನ ಪರದೆಗೆ ಸ್ಪಷ್ಟವಾಗಿ ಒಗ್ಗಿಸಲೂ ಸಾಧ್ಯವಾಗಿದೆ. 1961ರಲ್ಲಿ ‘ಗನ್‌ಸ್ಮೋಕ್’ ಒಂದು ಗಂಟೆಯ ಧಾರಾವಾಹಿಯಾದಾಗ, ಹಳೆಯ ಅರ್ಧ ಗಂಟೆಯ ಕಂತುಗಳನ್ನು ‘ಮಾರ್ಷಲ್ ಡಿಲನ್’ ಎಂಬ ಹೆಸರಿನಲ್ಲಿ ಅದೇ ವಾಹಿನಿ ಸಂಜೆಯ ಹೊತ್ತು ಮತ್ತೆ ತೋರಿಸಿತು. ಅಂದಿನಿಂದ ಇಂದಿನ ಮಿ-ಟಿವಿಯಂಥ ಹಳೆಯ ಧಾರಾವಾಹಿಗಳ ವಾಹಿನಿಗಳವರೆಗೆ ಆ ಸರಪಳಿ ಕಡಿದಿಲ್ಲ. ಒಂದು ಕಂತಿಗೂ ಮತ್ತೊಂದಕ್ಕೂ ಕಥೆಯ ಕೊಂಡಿ ಇಲ್ಲದಿರುವುದು ಇಲ್ಲಿ ದೊಡ್ಡ ಅನುಕೂಲ. ಮಧ್ಯಾಹ್ನ ಯಾವ ಕಂತು ಬಂದರೂ ಹಿಂದಿನದನ್ನು ನೋಡಿರಬೇಕಾದ ಕಟ್ಟುಪಾಡಿಲ್ಲದೆ ನೋಡಬಹುದು. ಋತುವಿಡೀ ಒಂದೇ ಕಥೆ ಎಳೆಯುವ ಇಂದಿನ ಧಾರಾವಾಹಿಗಳ ನಡುವೆ, ನಿಮ್ಮ ಮಗನ ಪೀಳಿಗೆಗೆ ಇದೇ ಹೊಸದಾಗಿ ಕಂಡಿರಲೂಬಹುದು.

‘ಬೊನಾಂಜಾ’ದ (1959–73) ದೀರ್ಘಾಯುಷ್ಯದ ಹಿಂದೆಯೂ ಒಂದು ವ್ಯಾಪಾರವಿತ್ತು. ಎನ್‌ಬಿಸಿಯ ಒಡೆತನ ಇದ್ದದ್ದು ಆರ್‌ಸಿಎ ಕಂಪನಿಯ ಕೈಯಲ್ಲಿ. ಆರ್‌ಸಿಎ ಬಣ್ಣದ ಟೆಲಿವಿಷನ್ ಪೆಟ್ಟಿಗೆಗಳನ್ನು ಮಾರುತ್ತಿತ್ತು. ಟಾಹೊ ಸರೋವರದ ನೀಲಿಯನ್ನೂ ಪೈನ್ ಮರಗಳ ಹಸಿರನ್ನೂ ಮೊದಲ ಕಂತಿನಿಂದಲೇ ಬಣ್ಣದಲ್ಲಿ ತೋರಿಸಿದ ಆ ಧಾರಾವಾಹಿ ಆರಂಭದಲ್ಲಿ ಅಷ್ಟಾಗಿ ಜನಪ್ರಿಯವಾಗದಿದ್ದರೂ ಉಳಿದುಕೊಂಡಿತು. 1961ರಲ್ಲಿ ಭಾನುವಾರ ರಾತ್ರಿಗೆ ಸ್ಥಳಾಂತರವಾದ ಮೇಲೆ ಏರುತ್ತ ಹೋಗಿ 1964ರಿಂದ 67ರವರೆಗಿನ ಮೂರು ಋತುಗಳಲ್ಲಿ ದೇಶದ ಮೊದಲ ಸ್ಥಾನದಲ್ಲಿ ನಿಂತಿತು. ಮೂವರು ಹೆಂಡತಿಯರನ್ನು ಕಳೆದುಕೊಂಡ ಬೆನ್ ಕಾರ್ಟ್‌ರೈಟ್, ಆ ಮೂವರಲ್ಲಿ ಒಬ್ಬೊಬ್ಬರಿಗೆ ಹುಟ್ಟಿದ ಮೂವರು ಗಂಡುಮಕ್ಕಳು, ಲಕ್ಷಗಟ್ಟಲೆ ಎಕರೆ ಜಮೀನು: ಅವಿಭಕ್ತ ಕುಟುಂಬದ ಕಥೆ ಇದು, ನಮ್ಮವರಿಗೆ ಬೇಗ ಒಗ್ಗುತ್ತದೆ. ಪಾತ್ರಗಳು ವರ್ಷಗಟ್ಟಲೆ ಒಂದೇ ಉಡುಪಿನಲ್ಲಿ ಇರುವುದನ್ನು ನೀವು ಗಮನಿಸಿರಬಹುದು. ಹಳೆಯ ಸವಾರಿಯ ದೃಶ್ಯಗಳನ್ನು ಹೊಸ ಕಂತಿಗೆ ಅಂಟಿಸಿದರೂ ಗೊತ್ತಾಗಬಾರದೆಂಬ ಮಿತವ್ಯಯ ಅದು.

ಇಷ್ಟು ಹೊಗಳಿದ ಮೇಲೆ, ಹೆಚ್ಚಿನವು ಕೆಟ್ಟದ್ದಾಗಿದ್ದವು ಎಂಬುದನ್ನೂ ಹೇಳಬೇಕು. 1958–59ರ ಋತುವಿನಲ್ಲಿ ಅತ್ಯಂತ ಹೆಚ್ಚು ಜನ ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್‌ಗಳು. ಮೊದಲ ನಾಲ್ಕು ಸ್ಥಾನಗಳೂ ಅವಕ್ಕೇ. ಆ ಹುಚ್ಚಿನಲ್ಲಿ ವಾರಕ್ಕೆ ಮೂವತ್ತರ ಆಸುಪಾಸಿನಷ್ಟು ಬಗೆಯ ವೆಸ್ಟರ್ನ್‌ಗಳು ರಾತ್ರಿಯ ಹೊತ್ತು ಬರುತ್ತಿದ್ದವು. 1960ರಲ್ಲಿ ಬರಹಗಾರರು ಮುಷ್ಕರ ಹೂಡಿದಾಗ ವಾರ್ನರ್ ಬ್ರದರ್ಸ್ ಸಂಸ್ಥೆ ಹಳೆಯ ಕಥೆಗಳ ಊರು-ಹೆಸರು ಬದಲಿಸಿ ಬೇರೆ ಧಾರಾವಾಹಿಗೆ ಹೊಲಿದು, ಬರೆದವರು ಡಬ್ಲ್ಯು. ಹರ್ಮಾನೊಸ್ ಎಂದು ಹಾಕಿಬಿಟ್ಟಿತು. ಅದು ಸಂಸ್ಥೆಯ ಹೆಸರಿನದೇ ಸ್ಪ್ಯಾನಿಷ್ ರೂಪ. ಅವುಗಳಲ್ಲಿ ಬಹುಪಾಲು ಇಂದು ಯಾರಿಗೂ ನೆನಪಿಲ್ಲ. ಈಗ ವಾಹಿನಿಗಳಲ್ಲಿ ಕಾಣುವುದು ಕಾಲ ಜರಡಿ ಹಿಡಿದು ಉಳಿಸಿದ ಕಾಳು. ಜಳ್ಳನ್ನು ನೋಡದೆ ಆ ಕಾಲವೆಲ್ಲ ಚಿನ್ನವೆಂದು ಭಾವಿಸಬಾರದು. ಪ್ರಕಾರದ ಇಳಿಗಾಲಕ್ಕೂ ಜನ ಬೇಸತ್ತದ್ದೊಂದೇ ಕಾರಣವಾಗಿರಲಿಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಅವರ ಹತ್ಯೆಗಳ ನಂತರ ಪರದೆಯ ಮೇಲಿನ ಹಿಂಸೆಯ ಬಗ್ಗೆ ಆತಂಕ ಹೆಚ್ಚಿತು. ಜಾಹೀರಾತುದಾರರಿಗೆ ನಗರದ ಯುವಕರು ಬೇಕಾದರು, ಹಳ್ಳಿಯ ಹಿರಿಯರು ಬೇಡವಾದರು. 1967ರಲ್ಲೊಮ್ಮೆ ರದ್ದಾದ ‘ಗನ್‌ಸ್ಮೋಕ್’ ಅನ್ನು ಸಿಬಿಎಸ್ ಮುಖ್ಯಸ್ಥ ವಿಲಿಯಂ ಪೇಲಿ ತಾವೇ ಮಧ್ಯೆ ಪ್ರವೇಶಿಸಿ ಉಳಿಸಿದರು. 1975ರಲ್ಲಿ ಅದನ್ನು ನಿಲ್ಲಿಸಿದಾಗಲೂ ಅದು ಮೊದಲ ಮೂವತ್ತು ಕಾರ್ಯಕ್ರಮಗಳ ಒಳಗೇ ಇತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಮೂಲನಿವಾಸಿಗಳ ವಿಷಯದಲ್ಲಿ ಈ ಧಾರಾವಾಹಿಗಳ ದೋಷ ನಿಜ, ದೊಡ್ಡದು. ಅವರನ್ನು ಕ್ರೂರಿಗಳೆಂದು ತೋರಿಸಿದ್ದಕ್ಕಿಂತ ಹೆಚ್ಚಾಗಿ, ಅವರಿಗೆ ಏನಾಯಿತೆಂಬುದನ್ನು ತೋರಿಸದೆ ಇದ್ದದ್ದು ನನಗೆ ಗಂಭೀರವಾಗಿ ಕಾಣುತ್ತದೆ. ಡಾಡ್ಜ್ ಸಿಟಿಯ ರೈಲುಗಳಿಗೆ ತುಂಬಿದ ಆ ಕಾಡೆಮ್ಮೆ ಚರ್ಮಗಳೆಂದರೆ ಶೈಯೆನ್, ಕಿಯೋವ, ಕಮಾಂಚಿ ಜನರ ಅನ್ನವೇ; ಅದನ್ನು ಬರಿದುಮಾಡಿದ ಬೆನ್ನಲ್ಲೇ 1874–75ರ ಯುದ್ಧದಲ್ಲಿ ಅವರನ್ನು ಮೀಸಲು ಪ್ರದೇಶಗಳಿಗೆ ತಳ್ಳಲಾಯಿತು. ಟೆಲಿವಿಷನ್ನಿನ ಡಾಡ್ಜ್ ಸಿಟಿ ಆ ಕಥೆಯ ಪಕ್ಕದಲ್ಲೇ ಇದ್ದೂ ಅದನ್ನು ಹೇಳುವುದು ಅಪರೂಪ. ಪಾತ್ರಗಳನ್ನು ಕೊಡುವಲ್ಲಿಯೂ ಅನ್ಯಾಯವಿತ್ತು. ‘ಬ್ರೋಕನ್ ಆ್ಯರೋ’ ಧಾರಾವಾಹಿಯಲ್ಲಿ ಮೂಲನಿವಾಸಿಗಳಾದ ಅಪಾಚೆ ಜನರ ನಾಯಕ ಕೊಚೀಸ್ ಆದವರು ಸಿರಿಯಾದಲ್ಲಿ ಹುಟ್ಟಿದ ಮೈಕೇಲ್ ಅನ್ಸಾರಾ, ‘ಗನ್‌ಸ್ಮೋಕ್’ನಲ್ಲಿ ಕಮಾಂಚಿ ತಾಯಿಯ ಮಗನಾದ ಕಮ್ಮಾರನ ಪಾತ್ರ ಮಾಡಿದವರು ಬರ್ಟ್ ರೆನಾಲ್ಡ್ಸ್. ‘ಲೋನ್ ರೇಂಜರ್’ನ ಟಾಂಟೊ ಆಗಿದ್ದ ಜೇ ಸಿಲ್ವರ್‌ಹೀಲ್ಸ್ ಮಾತ್ರ ಕೆನಡಾದ ಮೊಹಾಕ್ ಜನಾಂಗದವರು, ಹರಕು ಇಂಗ್ಲಿಷ್ ಮಾತನಾಡಿಸಿದ ಆ ಪಾತ್ರದಿಂದ ಹೆಸರಾದ ಅವರು 1960ರ ದಶಕದಲ್ಲಿ ಮೂಲನಿವಾಸಿ ನಟರಿಗಾಗಿ ತರಬೇತಿ ಕಾರ್ಯಶಾಲೆ ಆರಂಭಿಸಿದರು. ಕೌಬಾಯ್‌ಗಳಲ್ಲಿ ಸುಮಾರು ಕಾಲುಭಾಗ ಕರಿಯರಾಗಿದ್ದರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಪರದೆಯ ಮೇಲೆ ಒಬ್ಬ ಕರಿಯ ನಟ ವೆಸ್ಟರ್ನ್ ಧಾರಾವಾಹಿಯ ಖಾಯಂ ತಂಡ ಸೇರಲು 1965ರವರೆಗೆ, ‘ರಾಹೈಡ್’ನ ಕೊನೆಯ ಋತುವಿನಲ್ಲಿ ರೇಮಂಡ್ ಸೇಂಟ್ ಜಾಕ್ಸ್ ಬರುವವರೆಗೆ ಕಾಯಬೇಕಾಯಿತು.

ಆದರೂ ನೋಡಬೇಡಿ ಎಂದು ನಾನು ಹೇಳಲಾರೆ. ಇದೇ ಏರ್ಪಾಟಿನೊಳಗೆ ಧೈರ್ಯದ ಬರಹವೂ ಬಂದಿದೆ. 1964ರಲ್ಲಿ, ನಾಗರಿಕ ಹಕ್ಕುಗಳ ಕಾಯ್ದೆ ಇನ್ನೂ ಸೆನೆಟ್ಟಿನಲ್ಲಿ ಸಿಕ್ಕಿಕೊಂಡಿದ್ದಾಗ, ‘ಬೊನಾಂಜಾ’ದ ಒಂದು ಕಂತಿನಲ್ಲಿ ಹಾಡಲು ಬಂದ ಕರಿಯ ಆಪೆರಾ ಗಾಯಕನಿಗೆ ವರ್ಜೀನಿಯಾ ಸಿಟಿಯಲ್ಲಿ ಯಾರೂ ತಂಗಲು ಜಾಗ ಕೊಡುವುದಿಲ್ಲ, ಓಡಿಬಂದ ಗುಲಾಮನೆಂಬ ಶಂಕೆಯಲ್ಲಿ ಅವನನ್ನು ಹಿಡಿಯಲಾಗುತ್ತದೆ. ನೂರು ವರ್ಷ ಹಿಂದಿನ ವೇಷ ಹಾಕಿ ಆ ವಾರದ ಸುದ್ದಿಯನ್ನೇ ಹೇಳುವ ಉಪಾಯ ಅದು. ಸಮಕಾಲೀನ ನಾಟಕದಲ್ಲಿ ಪ್ರಾಯೋಜಕರು ಒಪ್ಪದಿದ್ದುದನ್ನು ಟೋಪಿ-ಕುದುರೆಯ ಮರೆಯಲ್ಲಿ ದಾಟಿಸಬಹುದಿತ್ತು. ಮಗನ ಜೊತೆ ಕುಳಿತು ನೋಡಿ, ಕಥೆಯಲ್ಲಿ ಯಾರಿಗೆ ಮಾತು ಕೊಟ್ಟಿದ್ದಾರೆ, ಯಾರು ಬಾಯಿ ಮುಚ್ಚಿ ಹಿನ್ನೆಲೆಯಲ್ಲಿ ನಿಂತಿದ್ದಾರೆ ಎಂಬುದನ್ನು ಅವನೊಂದಿಗೆ ಚರ್ಚಿಸಿ. ಅವನು ಕಾಲೇಜಿನ ವಯಸ್ಸಿನವನಾಗಿದ್ದರೆ ಇದನ್ನು ನಿಮಗಿಂತ ಮೊದಲು ಅವನೇ ಗುರುತಿಸುತ್ತಾನೆ.

ಮುಂದೆ ಯಾವುದನ್ನು ನೋಡಬೇಕೆಂದು ಅವನು ಕೇಳಿದರೆ, 1955ರಿಂದ 61ರವರೆಗಿನ ‘ಗನ್‌ಸ್ಮೋಕ್’ನ ಅರ್ಧ ಗಂಟೆಯ ಕಂತುಗಳನ್ನೇ ಮೊದಲು ಮುಗಿಸಲು ಹೇಳಿ; ಗಂಟೆಯ ಕಂತುಗಳಲ್ಲಿ ಒಳ್ಳೆಯವು ಬೇಕಾದಷ್ಟಿದ್ದರೂ ಕಥೆಗಳು ಸಡಿಲವಾಗುತ್ತವೆ, 1966ರ ನಂತರ ಬಣ್ಣ ಬಂದು ಡಾಡ್ಜ್ ಸಿಟಿ ಅನಗತ್ಯವಾಗಿ ಶುಭ್ರವಾಗಿ ಕಾಣುತ್ತದೆ. ಆಮೇಲೆ ಪ್ಯಾಲಡಿನ್‌ನ ಕಥೆಗಳು, ಜಗಳ ಕಂಡರೆ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುವ ಜೂಜುಕೋರನಾಗಿ ಜೇಮ್ಸ್ ಗಾರ್ನರ್ ನಗಿಸುವ ‘ಮ್ಯಾವೆರಿಕ್’ನ ಮೊದಲ ಎರಡು ಋತುಗಳು. ‘ಬೊನಾಂಜಾ’ವನ್ನು ಮಾತ್ರ ಅಧಿಕೃತ ಪ್ರತಿಯಲ್ಲೇ ನೋಡಿ. ಆರಂಭದ ಕೆಲವು ಕಂತುಗಳ ಹಕ್ಕುಸ್ವಾಮ್ಯ ತಪ್ಪಿಹೋಗಿ ಎಲ್ಲೆಡೆ ಅಗ್ಗದ ಪ್ರತಿಗಳು ಓಡಾಡುತ್ತಿವೆ. ಅವುಗಳಲ್ಲಿ ಹಲವಕ್ಕೆ ಮೂಲ ಶೀರ್ಷಿಕೆ ಸಂಗೀತವನ್ನು ತೆಗೆದು ಬೇರೇನನ್ನೋ ತುಂಬಿದ್ದಾರೆ.